ರೂಟ್ ಕೆನಾಲ್: ನೋವು ನಿಂತ ಮೇಲೂ ಕೆಲಸ ಉಳಿದಿರುತ್ತದೆ



"ರೂಟ್ ಕೆನಾಲ್" ಎಂದು ಕೇಳಿದರೆ ಸಾಕು, ನಮ್ಮಲ್ಲಿ ಅರ್ಧ ಜನರ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ. ಇನ್ನರ್ಧ ಜನ "ಅದೆಲ್ಲ ಬೇಡ ಮಾರಾಯ್ರೆ, ಕೀಳಿಸಿಬಿಡಿ, ತಲೆಬಿಸಿ ಮುಗೀತದೆ" ಎನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಬಲಗಡೆ ಕೆಳಗಿನ ದವಡೆ ಹಲ್ಲಿಗೆ ಈ ಚಿಕಿತ್ಸೆ ಆಯಿತು. ಅಂದಿನಿಂದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಾಗಲೆಲ್ಲ ಯಾರಾದರೂ ಒಬ್ಬರು ಹತ್ತಿರ ಬಂದು ಮೆಲ್ಲಗೆ ವಿಚಾರಿಸುತ್ತಾರೆ: ತುಂಬಾ ನೋವಾಯ್ತಾ? ಎಷ್ಟು ಸಲ ಹೋಗಬೇಕು? ಎಷ್ಟು ಖರ್ಚು? ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆ ಕುರ್ಚಿಯಲ್ಲಿ ಮಲಗಿ ಎದ್ದವಳು, ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳಿದವಳು, ಅಷ್ಟೇ.

ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ಕಾಸರಗೋಡಿನ ಕಡೆ ಕ್ಲಿನಿಕ್ಕಿನ ಗೋಡೆಯಲ್ಲಿರುವ ಚಿತ್ರ, ಸಹಿ ಹಾಕಬೇಕಾದ ಕಾಗದ, ಔಷಧಿಯ ವಿವರ ಎಲ್ಲ ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಕನ್ನಡದಲ್ಲಿ ಓದು ಕಲಿತ ನಮ್ಮ ಅಮ್ಮಂದಿರು, ಅಜ್ಜಂದಿರು "ಆಯ್ತು, ಆಯ್ತು" ಎಂದು ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ಏನು ಆಯಿತು, ಏನು ಬಾಕಿ ಇದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ನನ್ನ ಅಮ್ಮನ ಒಂದು ಹಲ್ಲು ಹೋದದ್ದು ಹಾಗೆಯೇ.

ಅಮ್ಮನ ಹಲ್ಲು

ಏಳು ವರ್ಷದ ಹಿಂದಿನ ಮಾತು. ನಾನಾಗ ಡಿಗ್ರಿಯ ಮೊದಲ ವರ್ಷದಲ್ಲಿದ್ದೆ. ಅಮ್ಮ ಎರಡು ರಾತ್ರಿ ನಿದ್ದೆಯಿಲ್ಲದೆ ಕೂತು, ಮೂರನೇ ದಿನ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಹಲ್ಲನ್ನು ತೆರೆದು, ಒಳಗೆ ಔಷಧಿ ಇಟ್ಟು, ಮೇಲೆ ತಾತ್ಕಾಲಿಕವಾಗಿ ಮುಚ್ಚಿ ಕಳಿಸಿದರು. ಮುಂದಿನ ತಾರೀಕು ಬರೆದ ಚೀಟಿಯನ್ನೂ ಕೊಟ್ಟರು. ಆದರೆ ಆ ದಿನ ರಾತ್ರಿಯೇ ನೋವು ನಿಂತಿತು. ಅಮ್ಮ ಆರಾಮಾಗಿ ನಿದ್ದೆ ಮಾಡಿದರು. ನೋವು ನಿಂತದ್ದಕ್ಕೆ ಕಾಯಿಲೆಯೂ ಗುಣವಾಯಿತು ಎಂದುಕೊಂಡರು. ಹಾಗಲ್ಲ ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಅಲ್ಲಿ ಯಾರೂ ಹೇಳಿರಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಕುಸ್ವಾರ್ ಮಾಡುವಾಗ ಬಿಸಿ ಚಕ್ಕುಲಿಯ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಟಕ್ ಎಂದು ಸದ್ದಾಯಿತು. ಹಲ್ಲು ಬೇರಿನವರೆಗೆ ಸೀಳಿ ಹೋಗಿತ್ತು. ಹಾಗೆ ಉದ್ದಕ್ಕೆ ಸೀಳಿದ ಹಲ್ಲನ್ನು ಉಳಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಕೀಳಿಸಬೇಕಾಯಿತು. ಅಂದಿನಿಂದ ಅಮ್ಮ ಎಡಗಡೆಯಲ್ಲೇ ಅಗಿಯುತ್ತಾರೆ.

ನನ್ನ ಚಿಕಿತ್ಸೆಗೆ ಹೊರಟ ದಿನ ನಾನು ಕೇಳಿದೆ, "ಅಮ್ಮಾ, ಆವತ್ತು ಎರಡನೇ ಸಲ ಯಾಕೆ ಹೋಗಲಿಲ್ಲ?" ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ನೋವು ಹೋಗಿತ್ತಲ್ಲ ಮಗಾ. ಮತ್ತೆ ಆ ತಿಂಗಳು ನಿನ್ನ ಫೀಸು ಕಟ್ಟುವುದಿತ್ತು."

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಬರಹದಲ್ಲಿ ನೀವು ಬೇರೆಲ್ಲ ಮರೆತರೂ ಒಂದು ವಿಷಯ ನೆನಪಿಡಿ: ರೂಟ್ ಕೆನಾಲ್‌ನಲ್ಲಿ ನೋವು ನಿಲ್ಲುವುದು ಆರಂಭದಲ್ಲಿ. ಹಲ್ಲು ಉಳಿಯುವುದು ಕೊನೆಯವರೆಗೆ ಹೋದವರಿಗೆ.

ಹಲ್ಲಿನ ಒಳಗೆ ಏನಿದೆ?

ಹಲ್ಲು ಕಲ್ಲಿನಂತೆ ಕಂಡರೂ ಒಳಗೆ ಜೀವ ಇದೆ. ಹೊರಗೆ ಎನಾಮಲ್ ಎಂಬ ಗಟ್ಟಿ ಹೊದಿಕೆ. ಅದರೊಳಗೆ ಡೆಂಟಿನ್ ಎಂಬ ಸ್ವಲ್ಪ ಮೆತ್ತಗಿನ ಪದರ. ನಡುವೆ ಒಂದು ಸಣ್ಣ ಕೋಣೆ. ಅದರಲ್ಲಿ ನರ, ರಕ್ತನಾಳಗಳಿರುವ ಮೃದು ಭಾಗವಿದೆ, ಅದಕ್ಕೆ ಪಲ್ಪ್ ಎನ್ನುತ್ತಾರೆ. ಆ ಕೋಣೆಯಿಂದ ಬೇರಿನ ತುದಿಯವರೆಗೆ ಕೂದಲಿನಂಥ ದಾರಿಗಳು ಇಳಿಯುತ್ತವೆ. ಅವೇ ಕೆನಾಲ್‌ಗಳು. ಮೇಲಿನ ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ದಾರಿ. ದವಡೆ ಹಲ್ಲಿಗೆ ಮೂರೋ ನಾಲ್ಕೋ. ಹಾಗಾಗಿಯೇ ದವಡೆ ಹಲ್ಲಿಗೆ ಸಮಯವೂ ಹಣವೂ ಹೆಚ್ಚು.

ಹುಳುಕು ಎನಾಮಲ್ ದಾಟಿ ಪಲ್ಪಿನ ಹತ್ತಿರ ಹೋದಾಗ ಅದು ಊದಿಕೊಳ್ಳಲು ನೋಡುತ್ತದೆ. ಬೇರೆ ಕಡೆಯಾದರೆ ಗಾಯ ಊದಲು ಜಾಗ ಇರುತ್ತದೆ. ಇಲ್ಲಿ ಸುತ್ತ ಗಟ್ಟಿ ಗೋಡೆ. ಒತ್ತಡಕ್ಕೆ ಹೋಗಲು ದಾರಿಯೇ ಇಲ್ಲ. ಹಲ್ಲುನೋವು ಅಷ್ಟು ಜೋರಾಗಿರುವುದಕ್ಕೆ ಇದು ದೊಡ್ಡ ಕಾರಣ. ರಾತ್ರಿ ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ಇನ್ನೂ ಏರುತ್ತದೆ. ನಮ್ಮ ಅಜ್ಜಿ ಹಲ್ಲುನೋವು ಬಂದರೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಅವರು ಕಂಡುಕೊಂಡ ಉಪಾಯ ಸರಿಯೇ ಇತ್ತು.

ತಣ್ಣೀರು ತಾಗಿ ಹಲ್ಲು ಜುಂ ಎಂದು, ಎರಡು ಮೂರು ಸೆಕೆಂಡಿನಲ್ಲಿ ಸರಿಯಾದರೆ ಒಳಗಿನ ಜೀವ ಇನ್ನೂ ಚೇತರಿಸಿಕೊಳ್ಳಬಹುದು. ಹೆಚ್ಚಾಗಿ ಒಂದು ಫಿಲ್ಲಿಂಗ್ ಸಾಕು. ತಣ್ಣಗಿನದು ಬಿಸಿಯದು ತಾಗಿದ ನೋವು ನಿಮಿಷಗಟ್ಟಲೆ ಉಳಿದರೆ, ಏನೂ ತಾಗದೆ ತಾನಾಗಿ ಬಂದರೆ, ನಿದ್ದೆಯಿಂದ ಎಬ್ಬಿಸಿದರೆ ವಿಷಯ ಫಿಲ್ಲಿಂಗ್ ದಾಟಿರುವ ಸಾಧ್ಯತೆ ಹೆಚ್ಚು.

ಮೋಸದ ಹಂತ ಇದರ ಮುಂದಿನದು. ಒಳಗಿನ ನರ ಸತ್ತಾಗ ನೋವು ಒಮ್ಮೆಲೇ ನಿಲ್ಲುತ್ತದೆ. ಮನೆಯಲ್ಲಿ ಎಲ್ಲರೂ "ಲವಂಗದ ಎಣ್ಣೆ ಕೆಲಸ ಮಾಡಿತು" ಎಂದು ಖುಷಿಪಡುತ್ತಾರೆ. ಸೋಂಕು ಮಾತ್ರ ಬೇರಿನ ತುದಿಯಿಂದ ಮೂಳೆಯ ಕಡೆಗೆ ಇಳಿಯುತ್ತಿರುತ್ತದೆ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ನಂತರ ಒಸಡಿನಲ್ಲಿ ಕೀವಿನ ಗುಳ್ಳೆ ಬರುತ್ತದೆ. ಅಂಗಡಿಯಿಂದ ತಂದ ಆಂಟಿಬಯೋಟಿಕ್ ಮಾತ್ರೆಯಿಂದ ಇದು ಗುಣವಾಗುವುದಿಲ್ಲ. ಸತ್ತ ಪಲ್ಪಿನೊಳಗೆ ರಕ್ತ ಓಡುವುದಿಲ್ಲ, ರಕ್ತ ಹೋಗದಲ್ಲಿಗೆ ಮಾತ್ರೆಯೂ ಹೋಗುವುದಿಲ್ಲ. ಯಾರಾದರೂ ಒಳಗೆ ಹೋಗಿ ತೊಳೆಯಲೇಬೇಕು. ರೂಟ್ ಕೆನಾಲ್ ಎಂದರೆ ಆ ತೊಳೆಯುವ ಕೆಲಸ.

ಕುರ್ಚಿಯಲ್ಲಿ ಏನಾಗುತ್ತದೆ?

ನನಗೆ ಚಿಕಿತ್ಸೆ ಮಾಡಿದವರು ಒಬ್ಬರು ಯುವ ಡಾಕ್ಟರಮ್ಮ. ಮಲಯಾಳದವರು, ಆದರೆ ಕನ್ನಡ ತಿಳಿಯುತ್ತಿತ್ತು. ಮೊದಲು ಎಕ್ಸ್‌ರೇ ತೆಗೆದು, ಕಂಪ್ಯೂಟರಿನಲ್ಲಿ ತೋರಿಸಿ, "ಇದು ವೇರು, ನಿಮ್ಮ ಬೇರು" ಎಂದು ನಕ್ಕರು. ಬೇರಿನ ತುದಿಯಲ್ಲಿ ಸಣ್ಣ ಕಪ್ಪು ನೆರಳು ಕಂಡಿತು. ಆ ನೆರಳು ಸೋಂಕು ತಿಂದ ಮೂಳೆ.

ಆಮೇಲೆ ಪ್ರಶ್ನೆಗಳು: ಬಿ.ಪಿ., ಶುಗರ್ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ, ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ, ಗರ್ಭಿಣಿಯಾ. ಇವಕ್ಕೆ ನಾಚಿಕೆಪಡದೆ ಸರಿಯಾದ ಉತ್ತರ ಕೊಡಿ. ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಕೊಂಡೊಯ್ದರೆ ಒಳ್ಳೆಯದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಡಾಕ್ಟರು ಬೇರೆ ಹೇಳದಿದ್ದರೆ ತಿಂಡಿ ತಿಂದು, ದಿನದ ಮಾತ್ರೆ ನುಂಗಿಯೇ ಹೊರಡಿ.

ಇಂಜೆಕ್ಷನ್ ಚುಚ್ಚುವಾಗ ಇರುವೆ ಕಚ್ಚಿದಷ್ಟು ನೋವಾಯಿತು, ಆಮೇಲೆ ಸ್ವಲ್ಪ ಒತ್ತಿದ ಹಾಗೆ. ಔಷಧಿಯಲ್ಲಿ ಅಡ್ರಿನಲಿನ್ ಸೇರಿಸಿರುವುದರಿಂದ ಒಂದೆರಡು ನಿಮಿಷ ಎದೆ ಡವಡವ ಎನ್ನಬಹುದು. ನನಗೂ ಎಂದಿತು. ಹಾಗಾದರೆ ಡಾಕ್ಟರಿಗೆ ಹೇಳಿ, ಗಾಬರಿ ಬೇಡ. ಹತ್ತು ನಿಮಿಷದಲ್ಲಿ ಬಲಗಡೆಯ ತುಟಿ, ಅರ್ಧ ನಾಲಿಗೆ ಜೋಮು ಹಿಡಿಯಿತು. "ನೋವಾದರೆ ಎಡಗೈ ಎತ್ತಿ" ಎಂದರು. ಒಮ್ಮೆ ಎತ್ತಿದೆ. ಕೂಡಲೇ ನಿಲ್ಲಿಸಿ ಇನ್ನೂ ಸ್ವಲ್ಪ ಔಷಧಿ ಕೊಟ್ಟರು. ಜೋರಾಗಿ ಉರಿಯುತ್ತಿರುವ ಕೆಳದವಡೆಯ ಹಲ್ಲು ಒಂದೇ ಇಂಜೆಕ್ಷನ್ನಿಗೆ ಬಗ್ಗದಿರುವುದು ಸಾಮಾನ್ಯವಂತೆ. ಹಲ್ಲು ಕಚ್ಚಿ ಸಹಿಸುವ ಅಗತ್ಯ ಅಲ್ಲಿಲ್ಲ. ಕಚ್ಚಲು ಬಾಯಿ ಮುಚ್ಚುವುದಕ್ಕೂ ಬಿಡುವುದಿಲ್ಲ!

ನಂತರ ಹಲ್ಲಿನ ಸುತ್ತ ಒಂದು ರಬ್ಬರ್ ಹಾಳೆ ಹಾಕಿದರು. ಅದರ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ. ಎಂಜಲು ಒಳಗೆ ಹೋಗಬಾರದು, ಒಳಗಿನ ಔಷಧಿ ಗಂಟಲಿಗೆ ಇಳಿಯಬಾರದು ಎಂದು ಹೀಗೆ. ಡ್ರಿಲ್ಲಿನ ಸದ್ದು ಕಿವಿಗೆ ಹಿತವಲ್ಲ, ಒಪ್ಪುತ್ತೇನೆ. ಆದರೆ ಸದ್ದೇ ಹೆಚ್ಚು, ನೋವಿಲ್ಲ.

ಹಲ್ಲು ತೆರೆದ ಮೇಲಿನದು ನಿಧಾನದ ಕೆಲಸ. ಸೂಜಿಯಂಥ ಫೈಲ್‌ಗಳು ಸಾಲಾಗಿ ನಿಂತಿದ್ದವು. ಹಿಡಿಯ ಬಣ್ಣದಿಂದ ಅವುಗಳ ದಪ್ಪ ಗುರುತಿಸುತ್ತಾರೆ: ಬಿಳಿ 15, ಹಳದಿ 20, ಕೆಂಪು 25. 15 ಎಂದರೆ ತುದಿಯ ದಪ್ಪ 0.15 ಮಿಲಿಮೀಟರ್. ತುಟಿಗೆ ಒಂದು ಕೊಕ್ಕೆ ಸಿಕ್ಕಿಸಿ, ಪೀಂ ಪೀಂ ಎನ್ನುವ ಸಣ್ಣ ಯಂತ್ರದಿಂದ ಬೇರಿನ ತುದಿ ಎಲ್ಲಿದೆ ಎಂದು ಅಳೆದರು. ಒಂದೊಂದೇ ಫೈಲ್ ಇಳಿಸಿ, ದಾರಿಯನ್ನು ಅಗಲ ಮಾಡುತ್ತ, ನಡುನಡುವೆ ಒಂದು ದ್ರವದಿಂದ ತೊಳೆದರು. ಈಜುಕೊಳದ ವಾಸನೆ ಬಂತು. ಅದು ಸೋಡಿಯಂ ಹೈಪೋಕ್ಲೋರೈಟ್, ಬಟ್ಟೆ ಬಿಳುಪು ಮಾಡುವ ಬ್ಲೀಚಿನಲ್ಲಿರುವ ರಾಸಾಯನಿಕವೇ. ನಾಲಿಗೆಗೆ ಅದರ ರುಚಿ ತಾಗಿದರೆ ಕೂಡಲೇ ಕೈ ಎತ್ತಿ.

ಸುಣ್ಣ ಮತ್ತು ಮರದ ಹಾಲು

ನನ್ನ ಹಲ್ಲಿನ ಬುಡದಲ್ಲಿ ಸೋಂಕು ಇದ್ದುದರಿಂದ ಮೊದಲ ದಿನವೇ ಮುಗಿಸಲಿಲ್ಲ. ದಾರಿಗಳೊಳಗೆ ಒಂದು ಬಿಳಿ ಲೇಪ ತುಂಬಿಸಿ ಮುಚ್ಚಿದರು. ಏನದು ಎಂದರೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಮ್ಮ ಕಡೆ ಪ್ರತಿ ಮನೆಯ ಜಗಲಿಯಲ್ಲೂ ಇದರ ನೆಂಟ ಇದೆ: ವೀಳ್ಯದೆಲೆಗೆ ಹಚ್ಚುವ ಸುಣ್ಣ. ಅದರ ಕ್ಷಾರಗುಣ ಉಳಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಇದನ್ನು ಓದಿ ಯಾರೂ ಸುಣ್ಣದ ಡಬ್ಬಿ ತೆಗೆದು ಹಲ್ಲಿಗೆ ತುಂಬಬೇಡಿ, ಒಸಡು ಸುಟ್ಟುಹೋಗುತ್ತದೆ. ನೋವಿನ ಮಾತ್ರೆಯನ್ನು ಹಲ್ಲಿನ ಸಂದಿಯಲ್ಲಿ ಇಡುವುದೂ, ಹೊಗೆಸೊಪ್ಪು ಒತ್ತುವುದೂ ಹಾಗೆಯೇ ಕೆಟ್ಟದ್ದು.

ಹತ್ತು ದಿನದ ನಂತರ ಎರಡನೇ ಸರದಿ. ಲೇಪ ತೊಳೆದು, ಒಣಗಿಸಿ, ದಾರಿಗಳನ್ನು ಗುಲಾಬಿ ಬಣ್ಣದ ಕಡ್ಡಿಗಳಿಂದ ತುಂಬಿದರು. ಅದರ ಹೆಸರು ಗಟ್ಟಾ ಪರ್ಚಾ. ಮಲಯಾ ಕಡೆಯ ಒಂದು ಮರದ ಹಾಲಿನಿಂದ ಮಾಡುವ ವಸ್ತು. ನಮ್ಮ ರಬ್ಬರ್ ಟ್ಯಾಪಿಂಗಿನವರಿಗೆ ತಕ್ಷಣ ಅರ್ಥವಾದೀತು. 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ನೀರು ತಾಗದಂತೆ ಇದನ್ನೇ ಹೊದಿಸುತ್ತಿದ್ದರು. ಸಮುದ್ರದ ನೀರನ್ನು ತಡೆದದ್ದು ಇವತ್ತು ನನ್ನ ಹಲ್ಲಿನ ಬೇರಿಗೆ ಎಂಜಲು ಇಳಿಯದಂತೆ ತಡೆಯುತ್ತಿದೆ.

ಸೋಂಕಿಲ್ಲದ ಹಲ್ಲು ಒಂದೇ ದಿನದಲ್ಲಿ ಮುಗಿಯಬಹುದು. ಕೆಲವರಿಗೆ ಮೂರು ಸಲ ಬೇಕಾದೀತು. ಇದು ಹಲ್ಲಿನ ಸ್ಥಿತಿಯ ಮೇಲೆ ಹೋಗುತ್ತದೆ.

ಮನೆಗೆ ಬಂದ ಮೇಲೆ

ಜೋಮು ಇಳಿಯಲು ಎರಡು ಮೂರು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಬಿಸಿ ಚಹಾ ಬೇಡ, ಅಗಿಯುವುದೂ ಬೇಡ. ನಾಲಿಗೆ, ಕೆನ್ನೆ ಕಚ್ಚಿಕೊಂಡರೆ ಗೊತ್ತಾಗುವುದಿಲ್ಲ. ಮಕ್ಕಳಾದರೆ ಪಕ್ಕದಲ್ಲೇ ಕೂತು ನೋಡಿಕೊಳ್ಳಿ. ಎರಡು ಮೂರು ದಿನ ಆ ಹಲ್ಲನ್ನು ಒತ್ತಿದರೆ ನೋಯುತ್ತದೆ. ಇದು ಬೇರಿನ ಸುತ್ತಲಿನ ನೋವು, ಡಾಕ್ಟರು ಬರೆದ ಮಾತ್ರೆಗೆ ತಗ್ಗುತ್ತದೆ. ನನಗೆ ಮೂರು ದಿನ ಕುಚ್ಚಿಲಕ್ಕಿ ಗಂಜಿ, ಎಡಗಡೆಯಲ್ಲಿ ಚಟ್ನಿ. ನಾಲ್ಕನೇ ದಿನ ಬಂಗುಡೆ ಸಾರು ತಿಂದೆ.

ಒಂದು ಎಚ್ಚರಿಕೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ಬಾವು ಗಲ್ಲದ ಕೆಳಗೆ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮರುದಿನದವರೆಗೆ ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಪ್ರಾಣಕ್ಕೇ ಅಪಾಯ.

ಇನ್ನು ಕ್ಯಾಪ್. ಹುಳುಕು ತಿಂದದ್ದು, ದಾರಿ ಮಾಡಲು ಕೊರೆದದ್ದು ಎರಡೂ ಸೇರಿ ದವಡೆ ಹಲ್ಲು ಟೊಳ್ಳಾಗಿರುತ್ತದೆ. ನೋವು ತಿಳಿಸುವ ನರವೂ ಒಳಗಿಲ್ಲ. ಅಗಿಯುವ ಭಾರವೆಲ್ಲ ಉಳಿದ ತೆಳುಗೋಡೆಗಳ ಮೇಲೆ. ಹಾಗಾಗಿ ದವಡೆ ಹಲ್ಲಿಗೆ ಹೆಚ್ಚಾಗಿ ಮೇಲಿನಿಂದ ಕ್ಯಾಪ್ ಹಾಕಲು ಹೇಳುತ್ತಾರೆ. ಅಮ್ಮನ ಹಲ್ಲಿಗೆ ಒಳಗಿನ ತುಂಬಿಸುವ ಕೆಲಸವೂ ಆಗಿರಲಿಲ್ಲ, ಮೇಲಿನ ಕ್ಯಾಪೂ ಬಂದಿರಲಿಲ್ಲ. ಚಕ್ಕುಲಿಯ ತಪ್ಪೇನೂ ಇಲ್ಲ.

ಕೀಳಿಸಿದರೆ ಆಗದೇ?

ಕೆಲವು ಹಲ್ಲುಗಳನ್ನು ಕೀಳಿಸುವುದೇ ಸರಿ. ಬೇರು ಸೀಳಿದ್ದರೆ, ಸುತ್ತಲಿನ ಮೂಳೆ ಹೋಗಿದ್ದರೆ, ಕ್ಯಾಪ್ ನಿಲ್ಲಿಸಲು ಹಲ್ಲೇ ಉಳಿದಿಲ್ಲದಿದ್ದರೆ ಪ್ರಾಮಾಣಿಕ ಡಾಕ್ಟರು ಹಾಗೆಯೇ ಹೇಳುತ್ತಾರೆ. ರೂಟ್ ಕೆನಾಲ್ ಮಾಡಿದ ಹಲ್ಲಿಗೂ ಮತ್ತೆ ಸೋಂಕು ಬರಬಹುದು, ಆಗ ಇನ್ನೊಮ್ಮೆ ತೆರೆಯಬೇಕಾಗಬಹುದು. ಆದರೆ ಉಳಿಸಬಹುದಾದ ಹಲ್ಲನ್ನು ಖರ್ಚಿಗೆ ಹೆದರಿ ಕೀಳಿಸಿದರೆ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಉದ್ದವಾಗಿ ಬರುತ್ತದೆ, ಸಂದಿಯಲ್ಲಿ ಅನ್ನ ಸಿಕ್ಕಿ ಅವೂ ಹುಳುಕಾಗುತ್ತವೆ. ಬ್ರಿಜ್ ಅಥವಾ ಇಂಪ್ಲಾಂಟ್ ಹಾಕಿಸಲು ಹೋದರೆ ಹೆಚ್ಚಾಗಿ ಮೊದಲಿನ ಲೆಕ್ಕಕ್ಕಿಂತ ದೊಡ್ಡ ಲೆಕ್ಕ. "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ" ಎಂಬ ಹೆದರಿಕೆ ಮಾತ್ರ ಬೇಡ, ಅದು ನಿಜವಲ್ಲ.

ನನಗೆ ರೂಟ್ ಕೆನಾಲ್‌ಗೆ 4,500 ರೂಪಾಯಿ, ಕ್ಯಾಪ್‌ಗೆ 6,000 ಆಯಿತು. ಕ್ಯಾಪ್‌ನಲ್ಲಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಇರುವುದು, ಝಿರ್ಕೋನಿಯಾ ಎಂದು ಬೇರೆ ಬೇರೆ ದರ. ಒಳಗಿನ ದವಡೆಗೆ ಲೋಹದ್ದೇ ಸಾಕು, ಯಾರಿಗೂ ಕಾಣುವುದಿಲ್ಲ ಎಂದರೆ ಅದನ್ನು ಕೇಳಿ ನೋಡಬಹುದು. ಮೊದಲ ದಿನವೇ ಎರಡೂ ಸೇರಿ ಎಷ್ಟಾಗುತ್ತದೆ ಎಂದು ಕೇಳಿ, ಕಂತಿನಲ್ಲಿ ಕೊಡಬಹುದೇ ಎಂದೂ ಕೇಳಿ. ನಮಗೆ ಹತ್ತಿರದಲ್ಲಿ ಪೊಯಿನಾಚಿ, ದೇರಳಕಟ್ಟೆ, ಸುಳ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಹಿರಿಯ ಡಾಕ್ಟರರ ಕಣ್ಣೆದುರು ಕೆಲಸ ಮಾಡುತ್ತಾರೆ. ಹೆಚ್ಚು ಸಲ ಹೋಗಬೇಕು, ಹೆಚ್ಚು ಹೊತ್ತು ಕೂರಬೇಕು, ಆದರೆ ಸಾಮಾನ್ಯವಾಗಿ ಖರ್ಚು ಕಡಿಮೆ. ಬಸ್ಸಿನ ಹಣ, ಒಂದು ದಿನದ ಕೂಲಿ ಎಷ್ಟು ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಿ ತೀರ್ಮಾನಿಸಿ.

ಜೊತೆಗೊಬ್ಬರು ಹೋಗಿ

ಹಲ್ಲುನೋವಿನವರ ಪಾಲಕಿ ಸಂತ ಅಪೊಲೋನಿಯಾರ ಹಬ್ಬ ಫೆಬ್ರವರಿ 9ಕ್ಕೆ. ಕ್ರಿ.ಶ. 249ರ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಕ್ರೈಸ್ತರ ಮೇಲೆ ಎರಗಿದ ಗುಂಪು ಆ ಮುದುಕಿಯ ಹಲ್ಲುಗಳನ್ನು ಹೊಡೆದು ಉದುರಿಸಿತು ಎಂದು ಆಗಿನ ಬಿಷಪ್ ಡಯೊನೀಸಿಯಸ್ ಪತ್ರದಲ್ಲಿ ಬರೆದಿದ್ದಾರೆ. ಚಿತ್ರಗಳಲ್ಲಿ ಅವರ ಕೈಯಲ್ಲಿ ಒಂದು ಇಕ್ಕಳ, ಅದರಲ್ಲಿ ಒಂದು ಹಲ್ಲು ಇರುತ್ತದೆ. ನೋವಿನಲ್ಲಿ ಅವರನ್ನು ನೆನೆದು ಪ್ರಾರ್ಥಿಸುವ ಹಿರಿಯರು ನಮ್ಮಲ್ಲಿದ್ದಾರೆ. ಪ್ರಾರ್ಥಿಸೋಣ. ಜೊತೆಗೆ ಆ ಹಿರಿಯರನ್ನು ಕ್ಲಿನಿಕ್ಕಿಗೂ ಕರೆದುಕೊಂಡು ಹೋಗೋಣ.

ಯುವ ಮಿತ್ರರೇ, ಇದು ನಿಮಗೆ ಹೇಳುವ ಮಾತು. ನಮಗೆ ಶಾಲೆಯಲ್ಲೋ ಪೇಟೆಯಲ್ಲೋ ಮಲಯಾಳ ಬಂದಿದೆ, ಇಂಗ್ಲಿಷೂ ಸ್ವಲ್ಪ ಬರುತ್ತದೆ. ಮನೆಯ ಹಿರಿಯರ ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲೋ ಮನೆಮಾತಿನಲ್ಲೋ ಹೇಳಿ. ಮೂರು ಪ್ರಶ್ನೆ ಸಾಕು: ಇವತ್ತು ಏನು ಮಾಡಿದಿರಿ? ಇನ್ನು ಏನು ಬಾಕಿ? ಯಾವ ದಿನ ಬರಬೇಕು? ಉತ್ತರವನ್ನು ಕನ್ನಡದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಸಿಕ್ಕಿಸಿ. ನೋವು ನಿಂತಿದ್ದರೂ ಆ ತಾರೀಕಿಗೆ ಅವರನ್ನು ಎಬ್ಬಿಸಿ ಹೊರಡಿಸಿ. ನನ್ನ ಮೊದಲ ಬೋನಸ್ಸಿನಿಂದ ಅಮ್ಮನ ಖಾಲಿ ಜಾಗಕ್ಕೆ ಬ್ರಿಜ್ ಹಾಕಿಸುವ ಮಾತಾಗಿದೆ. "ಈಗ ಎಂತಕೆ" ಎನ್ನುತ್ತಿದ್ದಾರೆ. ತಾರೀಕು ಬರೆದಾಗಿದೆ.

ಕೊನೆಗೆ ಪುಟ್ಟ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಸುಮಾರು ಆರು ವರ್ಷಕ್ಕೆ, ಯಾವ ಹಾಲುಹಲ್ಲೂ ಬೀಳದೆಯೇ, ಹಿಂದುಗಡೆ ಹೊಸ ದವಡೆ ಹಲ್ಲು ಹುಟ್ಟುತ್ತದೆ. ಎಷ್ಟೋ ತಂದೆತಾಯಿ ಅದನ್ನೂ ಹಾಲುಹಲ್ಲು, ಹೇಗೂ ಬಿದ್ದು ಹೋಗುತ್ತದೆ ಎಂದು ತಿಳಿಯುತ್ತಾರೆ. ಅದು ಬೀಳುವ ಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ಹುಳುಕು ಮೊದಲು ಹಿಡಿಯುವುದೂ ಹೆಚ್ಚಾಗಿ ಅದನ್ನೇ. ನನ್ನ ಬಾಯಲ್ಲಿ ರೂಟ್ ಕೆನಾಲ್ ಆದದ್ದೂ ಅದಕ್ಕೇ. ಇವತ್ತು ರಾತ್ರಿ ಜಪಸರ ಮುಗಿದ ಮೇಲೆ ಮೊಬೈಲಿನ ಟಾರ್ಚ್ ಹಾಕಿ ಮಗುವಿನ ಬಾಯಿ ಒಮ್ಮೆ ನೋಡಿ. ಕಪ್ಪು ಚುಕ್ಕೆ ಕಂಡರೆ ಈಗಲೇ ತೋರಿಸಿ. ಆ ಚುಕ್ಕೆಗೆ ಈಗ ಒಂದು ಸಣ್ಣ ಫಿಲ್ಲಿಂಗ್ ಸಾಕಾದೀತು.